ಜೋಸೆಫ್ ಫೂರಿಯೆ: ಅನಂತ ಶ್ರೇಣಿಯನ್ನು ಕೆಲಸಕ್ಕೆ ಹಚ್ಚಿದ ಗಣಿತಜ್ಞ

ಒಂದಕ್ಕೆ ಅರ್ಧವನ್ನು ಕೂಡಿಸಿ, ಅದಕ್ಕೆ ಕಾಲು, ಮತ್ತೆ ಅರೆಕಾಲು, ಮತ್ತೆ ವೀಸ, ಹೀಗೆ ಹಿಂದಿನದರ ಅರ್ಧವನ್ನು ಕೂಡಿಸುತ್ತ ಹೋದರೆ ಮೊತ್ತವು ಎರಡನ್ನು ಸಮೀಪಿಸುತ್ತದೆ. ಎಷ್ಟು ಕೂಡಿಸಿದರೂ ಎರಡನ್ನು ಮೀರುವುದಿಲ್ಲ. ಇಂಥ ಕೊನೆಯಿಲ್ಲದ ಸಂಕಲನಕ್ಕೆ ಗಣಿತದಲ್ಲಿ ಅನಂತ ಶ್ರೇಣಿಯೆಂದು ಹೆಸರು. ಗಣಿತವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಂಡ ನನ್ನಂಥವರು ಈ ಶ್ರೇಣಿಗಳಲ್ಲಿ ಮುಳುಗಿರುವುದನ್ನು ಕಂಡು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಮಿತ್ರರು ಕನಿಕರಪಡುವುದುಂಟು. ಕೊನೆಯೇ ಇಲ್ಲದ ಲೆಕ್ಕವನ್ನು ಮಾಡಿ, ಕೊನೆಯುಳ್ಳ ಆಯುಷ್ಯದ ಮನುಷ್ಯನು ಪಡೆಯುವುದೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಸೂತ್ರಗಳಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಮನುಷ್ಯನ ಬಾಳನ್ನು ಹೇಳುವುದು ಮೇಲೆಂದು ನನಗೆ ತೋರುತ್ತದೆ. ಆತನೇ ಫ್ರಾನ್ಸ್ ದೇಶದ ಜೋಸೆಫ್ ಫೂರಿಯೆ. ಇತಿಹಾಸದ ವಿದ್ಯಾರ್ಥಿಗಳಿಗೂ ಆತ ಅಪರಿಚಿತನಾಗಿ ಉಳಿಯಬೇಕಾದವನಲ್ಲ.

ಫೂರಿಯೆ ಹುಟ್ಟಿದ್ದು ೧೭೬೮ರ ಮಾರ್ಚ್ ೨೧ರಂದು, ಓಸೇರ್ ಎಂಬ ಊರಿನಲ್ಲಿ. ತಂದೆ ದರ್ಜಿ, ಮಕ್ಕಳು ಬಹಳ. ಹತ್ತರ ಪ್ರಾಯದ ಹೊತ್ತಿಗೆ ಹುಡುಗನು ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು ಅನಾಥನಾದನು. ಊರಿನವರ ಶಿಫಾರಸಿನಿಂದ ಆತನಿಗೆ ಬೆನೆಡಿಕ್ಟೀನ್ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಜಾಗ ದೊರೆಯಿತು. ಅಲ್ಲಿ ಗಣಿತದ ಹುಚ್ಚು ಹಿಡಿಯಿತು. ಹಗಲಿನ ಪಾಠ ಸಾಲದೆ, ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಆಯ್ದಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಮರೆಯಲ್ಲಿ ಕುಳಿತು ಓದುತ್ತಿದ್ದನೆಂದು ಆತನ ಚರಿತ್ರಕಾರರು ಹೇಳುತ್ತಾರೆ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣಿಸಿತು.

ಆದರೆ ಅಂದಿನ ಫ್ರಾನ್ಸಿನಲ್ಲಿ ಬುದ್ಧಿಗಿಂತ ಹುಟ್ಟು ದೊಡ್ಡದು. ಫಿರಂಗಿ ದಳದಲ್ಲಿ ಸೇರಲು ಫೂರಿಯೆ ಅರ್ಜಿ ಹಾಕಿದಾಗ, ಕುಲೀನ ಮನೆತನದವನಲ್ಲವೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಎರಡನೆಯ ನ್ಯೂಟನ್ನನೇ ಆಗಿದ್ದರೂ ಸೇರಿಸಿಕೊಳ್ಳಲಾಗದೆಂಬ ಧಾಟಿಯಲ್ಲಿ ಮಂತ್ರಿಯ ಉತ್ತರ ಬಂತೆಂದು ಪ್ರತೀತಿ. ದರ್ಜಿಯ ಮಗನಿಗೆ ಉಳಿದದ್ದು ಮಠದ ದಾರಿಯೊಂದೇ. ೧೭೮೭ರಲ್ಲಿ ಆತ ಸಂನ್ಯಾಸದ ಉಮೇದುವಾರನಾಗಿ ಮಠವನ್ನು ಸೇರಿದನು. ಅಲ್ಲಿಯೂ ಮನಸ್ಸು ಬೀಜಗಣಿತದ ಕಡೆಗೇ. ಇಪ್ಪತ್ತೊಂದು ತುಂಬಿದ ಮರುದಿನ ಬರೆದ ಕಾಗದದಲ್ಲಿ, ಈ ವಯಸ್ಸಿಗೆ ನ್ಯೂಟನ್, ಪಾಸ್ಕಲ್ ಮೊದಲಾದವರು ಅಮರ ಕೀರ್ತಿಗೆ ಹಕ್ಕುದಾರರಾಗಿದ್ದರೆಂದು ಹಲುಬಿದ್ದಾನೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮಲ್ಲಿ ಅನೇಕರಿಗೂ ಇಂಥದೇ ಯೋಚನೆ ಬರುವುದರಿಂದ, ಈ ಕಾಗದದ ವಿಷಯವನ್ನು ಓದಿ ನನಗೆ ಆತನಲ್ಲಿ ಒಂದು ಬಗೆಯ ಸಲಿಗೆ ಹುಟ್ಟಿತು.

೧೭೮೯ರಲ್ಲಿ ಮಹಾಕ್ರಾಂತಿ ಎದ್ದಿತು. ದೀಕ್ಷೆ ಪಡೆಯದೆಯೇ ಫೂರಿಯೆ ಮಠದಿಂದ ಹೊರಬಂದು, ತಾನು ಓದಿದ ಶಾಲೆಯಲ್ಲೇ ಉಪಾಧ್ಯಾಯನಾದನು. ಹುಟ್ಟಿನ ಮೇಲುಕೀಳು ಅಳಿಯುತ್ತದೆಂಬ ಆಸೆಯಿಂದ ಊರಿನ ಕ್ರಾಂತಿ ಸಮಿತಿಯನ್ನು ಸೇರಿದನು. ಆ ಆಸೆಯೇ ಕುತ್ತಿಗೆಗೆ ಬಂತು. ಒಳಜಗಳಗಳ ನಡುವೆ ಸಿಕ್ಕಿ ೧೭೯೪ರ ಜುಲೈ ತಿಂಗಳಲ್ಲಿ ಸೆರೆಮನೆ ಸೇರಿದನು. ಅದೇ ತಿಂಗಳ ೨೮ರಂದು ರೋಬೆಸ್ಪಿಯರನ ತಲೆಯೇ ಉರುಳಿದ್ದರಿಂದ ಫೂರಿಯೆಯ ತಲೆ ಉಳಿಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಉಪಾಧ್ಯಾಯರ ತರಬೇತಿಗಾಗಿ ತೆರೆದ ಹೊಸ ವಿದ್ಯಾಲಯಕ್ಕೆ ಆತ ವಿದ್ಯಾರ್ಥಿಯಾಗಿ ಹೋದನು. ಲಗ್ರಾಂಜ್, ಲಪ್ಲಾಸ್, ಮೋಂಜ್ ಅಲ್ಲಿ ಅಧ್ಯಾಪಕರು. ಯೂರೋಪಿನಲ್ಲೇ ಅವರಿಗೆ ಸಮಾನರಿರಲಿಲ್ಲ. ೧೭೯೭ರಲ್ಲಿ ಫೂರಿಯೆ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಲಗ್ರಾಂಜನ ಪೀಠಕ್ಕೇ ಉತ್ತರಾಧಿಕಾರಿಯಾದನು. ಇದೇ ಲಗ್ರಾಂಜ್, ಇದೇ ಲಪ್ಲಾಸ್ ಮುಂದೆ ಹತ್ತು ವರ್ಷಗಳಲ್ಲಿ ಆತನ ದಾರಿಗೆ ಅಡ್ಡ ನಿಲ್ಲುವವರು.

೧೭೯೮ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ವಿದ್ವಾಂಸರ ತಂಡವೊಂದನ್ನು ಜೊತೆಗೆ ಕರೆದೊಯ್ದನು. ಅವರಲ್ಲಿ ಫೂರಿಯೆಯೂ ಒಬ್ಬ. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಆತನೇ ಕಾರ್ಯದರ್ಶಿ. ೧೮೦೧ರಲ್ಲಿ ಸ್ವದೇಶಕ್ಕೆ ಮರಳಿ, ಮತ್ತೆ ಪಾಠ ಹೇಳಿಕೊಂಡಿರೋಣವೆಂದುಕೊಂಡರೆ, ನೆಪೋಲಿಯನ್ ಬಿಡಲಿಲ್ಲ. ೧೮೦೨ರಲ್ಲಿ ಆತನನ್ನು ಈಸೇರ್ ಪ್ರಾಂತಕ್ಕೆ ಪ್ರಿಫೆಕ್ಟನನ್ನಾಗಿ ನೇಮಿಸಿ ಗ್ರೆನೋಬ್ಲ್ ಪಟ್ಟಣಕ್ಕೆ ಕಳುಹಿಸಿದನು. ಪ್ರಿಫೆಕ್ಟನೆಂದರೆ ನಮ್ಮ ಜಿಲ್ಲಾಧಿಕಾರಿಯಿದ್ದಂತೆ. ಕಂದಾಯ, ರಸ್ತೆ, ತಂಟೆತಕರಾರು ಎಲ್ಲವೂ ಆತನ ಮೇಜಿಗೇ ಬರಬೇಕು. ಫೂರಿಯೆ ಈ ಕೆಲಸವನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಬೂರ್ಗ್ವೆನ್ ಸುತ್ತಣ ವಿಶಾಲವಾದ ಜೌಗು ನೆಲ ಜ್ವರದ ತವರಾಗಿತ್ತು. ಅದನ್ನು ಬತ್ತಿಸಬೇಕಾದರೆ ಮೂವತ್ತಕ್ಕೂ ಹೆಚ್ಚು ಊರುಗಳ ಒಪ್ಪಿಗೆ ಬೇಕು. ಆತ ಊರೂರಿನವರೊಡನೆ ಮಾತಾಡಿ, ಎಲ್ಲರನ್ನೂ ಒಪ್ಪಿಸಿ, ಜೌಗನ್ನು ಸಾಗುವಳಿಯ ಭೂಮಿಯನ್ನಾಗಿ ಮಾಡಿಸಿದನು. ಗ್ರೆನೋಬ್ಲಿನಿಂದ ಇಟಲಿಯ ಟ್ಯೂರಿನ್ ನಗರದ ಕಡೆಗೆ ಪರ್ವತಗಳ ನಡುವೆ ರಸ್ತೆ ಹಾಕಿಸಿದನು. ಇದರ ಮಧ್ಯೆ ಈಜಿಪ್ಟಿನ ಪರಿಶೋಧನೆಗಳ ಬೃಹದ್ಗ್ರಂಥಕ್ಕೆ ಐತಿಹಾಸಿಕ ಪೀಠಿಕೆಯನ್ನೂ ಬರೆದನು. ಅದೇ ಊರಿನಲ್ಲಿ ಶಾಂಪೋಲ್ಯೋ ಎಂಬ ತರುಣ ಪ್ರಾಚೀನ ಭಾಷೆಗಳನ್ನು ಅಭ್ಯಾಸ ಮಾಡುತ್ತಿದ್ದ; ಅವನಿಗೆ ಸೈನ್ಯದ ಕಡ್ಡಾಯ ಭರ್ತಿಯಿಂದ ವಿನಾಯಿತಿ ದೊರೆಯಲು ಫೂರಿಯೆ ನೆರವಾದನು. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ೧೮೨೨ರಲ್ಲಿ ಬಿಡಿಸಿದವನು ಇದೇ ಶಾಂಪೋಲ್ಯೋ.

ಕಚೇರಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಫೂರಿಯೆ ಶಾಖದ ಬೆನ್ನು ಹತ್ತಿದನು. ಈಜಿಪ್ಟಿನಿಂದ ಬಂದ ಮೇಲೆ ಆತನಿಗೆ ಚಳಿಯೆಂದರೆ ಆಗುತ್ತಿರಲಿಲ್ಲ. ಬೇಸಗೆಯಲ್ಲೂ ದಪ್ಪ ಬಟ್ಟೆ ತೊಟ್ಟು, ಕೋಣೆಯನ್ನು ಬಿಸಿಯಾಗಿಟ್ಟುಕೊಂಡಿರುತ್ತಿದ್ದನಂತೆ. ಶಾಖದ ಗಣಿತಕ್ಕೆ ಇದು ಕಾರಣವೋ ಅಲ್ಲವೋ, ಅಂತೂ ಆತ ಎತ್ತಿಕೊಂಡ ಪ್ರಶ್ನೆ ಅಡಿಗೆಮನೆಗೂ ಕಮ್ಮಾರನ ಕುಲುಮೆಗೂ ಸಂಬಂಧಿಸಿದ್ದು: ಕಾದ ವಸ್ತುವಿನೊಳಗೆ ಶಾಖ ಹೇಗೆ ಹರಿಯುತ್ತದೆ, ಎಷ್ಟು ಹೊತ್ತಿಗೆ ಎಲ್ಲಿ ಎಷ್ಟು ಬಿಸಿ ಉಳಿದಿರುತ್ತದೆ?

ಇಲ್ಲಿ ಅನಂತ ಶ್ರೇಣಿ ಪ್ರವೇಶಿಸುತ್ತದೆ. ಕಬ್ಬಿಣದ ಬಳೆಯೊಂದನ್ನು ಊಹಿಸಿಕೊಳ್ಳೋಣ. ಅದರ ಅರ್ಧ ಭಾಗ ಬಿಸಿ, ಉಳಿದರ್ಧ ತಣ್ಣಗೆ. ಬಳೆಯ ಸುತ್ತ ನಡೆಯುತ್ತ ಪ್ರತಿಯೊಂದು ಕಡೆಯ ಉಷ್ಣತೆಯನ್ನು ಗೆರೆ ಎಳೆದು ತೋರಿಸಿದರೆ, ಅದು ಗೋಡೆಯ ಹಾಗೆ ಥಟ್ಟನೆ ಏರಿ, ಸಮವಾಗಿ ಸಾಗಿ, ಥಟ್ಟನೆ ಇಳಿಯುತ್ತದೆ. ಇಂಥ ಮೊಂಡು ಆಕೃತಿಯನ್ನು ಸಮೀಕರಣದಲ್ಲಿ ಹಿಡಿಯುವುದು ಕಷ್ಟ. ಫೂರಿಯೆ ಹೇಳಿದ್ದು ಇಷ್ಟು: ಇದನ್ನು ನುಣುಪಾದ ಅಲೆಗಳ ಮೊತ್ತವೆಂದು ತಿಳಿಯಿರಿ. ಬಳೆಯ ಸುತ್ತ ಒಂದು ಸಲ ಏರಿಳಿಯುವ ದೊಡ್ಡ ಅಲೆ ಒಂದು, ಮೂರು ಸಲ ಏರಿಳಿಯುವ, ಅದರ ಮೂರನೆಯ ಒಂದು ಪಾಲು ಎತ್ತರದ ಅಲೆ ಇನ್ನೊಂದು, ಐದು ಸಲ ಏರಿಳಿಯುವ, ಐದನೆಯ ಒಂದು ಪಾಲಿನದು ಮತ್ತೊಂದು, ಹೀಗೆ ಕೊನೆಯಿಲ್ಲದೆ. ಇವನ್ನು ಒಂದು ಕೂಡಿಸಿ, ಒಂದು ಕಳೆಯುತ್ತ ಹೋದರೆ ಅಲೆಗಳ ಉಬ್ಬುತಗ್ಗುಗಳು ಒಂದನ್ನೊಂದು ತಿದ್ದಿ, ಕೊನೆಗೆ ಗೋಡೆಯಂಥ ಆ ಆಕೃತಿಯೇ ಮೂಡುತ್ತದೆ.

ಬಿಸಿ ಭಾಗದ ನಟ್ಟನಡುವೆ ಈ ಮೊತ್ತವು ೧ − ೧/೩ + ೧/೫ − ೧/೭ + … ಎಂದಾಗುತ್ತದೆ; ಬೆಲೆ ಪೈ ಸಂಖ್ಯೆಯ ನಾಲ್ಕನೆಯ ಒಂದು ಪಾಲು. ಫೂರಿಯೆ ಒಂದು ಕಡೆ ಕಾಯಿಸಿದ ತಗಡಿನ ಉದಾಹರಣೆಯಿಂದ ಇದೇ ಶ್ರೇಣಿಗೆ ಬಂದು ಮುಟ್ಟಿದನು. ಹದಿನಾಲ್ಕನೆಯ ಶತಮಾನದಲ್ಲಿಯೇ ನಮ್ಮ ನೆರೆಯ ಕೇರಳದ ಮಾಧವನು ಇದನ್ನು ಕಂಡುಕೊಂಡಿದ್ದನೆಂಬುದು ನಮಗೆ ಹೆಮ್ಮೆಯ ಮಾತು. ಅವನ ಪರಂಪರೆಯ ಜ್ಯೇಷ್ಠದೇವನ ಯುಕ್ತಿಭಾಷಾ ಗ್ರಂಥದಲ್ಲಿ ಇದರ ಉಪಪತ್ತಿಯೂ ಇದೆ. ಆದರೆ ಈ ಶ್ರೇಣಿ ಬಹಳ ಸೋಮಾರಿ. ಐದು ಪದಗಳನ್ನು ಕೂಡಿಸಿ ನಾಲ್ಕರಿಂದ ಗುಣಿಸಿದರೆ ಪೈಗೆ ಬದಲಾಗಿ ೩.೩೪ ಬರುತ್ತದೆ, ಹತ್ತು ಪದ ಕೂಡಿಸಿದರೆ ೩.೦೪. ಇಂಥ ಶ್ರೇಣಿಯಿಂದ ಉಪಯೋಗವೇನು?

ಉಪಯೋಗವಿರುವುದು ಶಾಖದ ಸ್ವಭಾವದಲ್ಲಿ. ಬಳೆಯಿಂದ ಹೊರಗೆ ಶಾಖ ಸೋರದೆ, ಒಳಗೊಳಗೇ ಹರಡುತ್ತಿದೆಯೆನ್ನೋಣ. ಆಗ ಪ್ರತಿಯೊಂದು ಅಲೆಯೂ ತನ್ನದೇ ವೇಗದಲ್ಲಿ ಕುಗ್ಗುತ್ತದೆ. ಮೂರು ಸಲ ಏರಿಳಿಯುವ ಅಲೆ ಮೂರರ ವರ್ಗದಷ್ಟು, ಅಂದರೆ ಒಂಬತ್ತು ಪಟ್ಟು ತೀವ್ರವಾಗಿಯೂ, ಐದು ಸಲ ಏರಿಳಿಯುವುದು ಇಪ್ಪತ್ತೈದು ಪಟ್ಟು ತೀವ್ರವಾಗಿಯೂ ಕ್ಷಯಿಸುತ್ತದೆ. ಮೊದಲನೆಯ ಅಲೆ ಅರ್ಧಕ್ಕೆ ಇಳಿಯುವಷ್ಟರಲ್ಲಿ ಎರಡನೆಯದು ತನ್ನ ೫೧೨ನೆಯ ಒಂದು ಪಾಲಿಗೆ ಇಳಿದಿರುತ್ತದೆ. ಮೂರನೆಯದು ಮೂರು ಕೋಟಿ ಮೂವತ್ತೈದು ಲಕ್ಷದಲ್ಲಿ ಒಂದು ಪಾಲಿಗೆ! ಹೊತ್ತು ಸರಿದಂತೆ ಅನಂತ ಪದಗಳಲ್ಲಿ ಲೆಕ್ಕಕ್ಕೆ ಬೇಕಾಗುವುದು ಒಂದೋ ಎರಡೋ. ಅನಂತ ಶ್ರೇಣಿಯ ವ್ಯಾವಹಾರಿಕ ರಹಸ್ಯ ಇದೇ ಎಂದು ನಾನು ತಿಳಿಯುತ್ತೇನೆ. ಪದಗಳೆಲ್ಲವೂ ಇವೆಯೆಂಬ ಭರವಸೆಯಿರಬೇಕು. ಕೂಡಿಸುವುದು ಮಾತ್ರ ಬೇಕಾದಷ್ಟನ್ನೇ. ಎಷ್ಟು ಪದ ಸಾಕು, ಬಿಟ್ಟದ್ದರಿಂದ ಎಷ್ಟು ವ್ಯತ್ಯಾಸ ಎಂಬುದನ್ನು ಶ್ರೇಣಿಯೇ ಹೇಳಿಕೊಡುತ್ತದೆ.

ಫೂರಿಯೆ ಕಾಗದದ ಮೇಲಿನ ಲೆಕ್ಕಕ್ಕೆ ತೃಪ್ತನಾಗಲಿಲ್ಲ. ಕಬ್ಬಿಣದ ಬಳೆಯನ್ನು ನಿಜವಾಗಿಯೇ ಕಾಯಿಸಿ, ಅದರಲ್ಲಿ ಕೊರೆದ ತೂತುಗಳಲ್ಲಿ ಉಷ್ಣಮಾಪಕಗಳನ್ನಿಟ್ಟು, ಲೆಕ್ಕಕ್ಕೂ ಅಳತೆಗೂ ತಾಳೆ ನೋಡಿದನು. ತಾಳೆಯಾಯಿತು. ೧೮೦೭ರ ಡಿಸೆಂಬರ್ ೨೧ರಂದು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಆತನ ಪ್ರಬಂಧ ಬಂತು. ಪರೀಕ್ಷಕರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಹಳೆಯ ಗುರುಗಳೇ ಒಪ್ಪಲಿಲ್ಲ. ನುಣುಪಾದ ಅಲೆಗಳನ್ನು ಕೂಡಿಸಿ ಮೂಲೆಮುರುಕಿನ ಆಕೃತಿಯನ್ನು ಪಡೆಯಬಹುದೇ ಎಂಬ ವಾದ ಅರ್ಧ ಶತಮಾನಕ್ಕೂ ಹಳೆಯದು. ಮಿಡಿದ ತಂತಿಯ ವಿಷಯದಲ್ಲಿ ಡೇನಿಯಲ್ ಬರ್ನೂಲಿ ಆಗಬಹುದೆಂದಿದ್ದ, ಆಯ್ಲರ್ ಅಲ್ಲಗಳೆದಿದ್ದ, ಲಗ್ರಾಂಜನೂ ತರುಣನಾಗಿದ್ದಾಗಲೇ ಆ ವಾದದಲ್ಲಿ ಸೇರಿ ಬರ್ನೂಲಿಯ ಪಕ್ಷವನ್ನು ಬಿಟ್ಟಿದ್ದ. ಶ್ರೇಣಿ ನಿಜವಾಗಿಯೂ ಆ ಮೊತ್ತಕ್ಕೆ ಮುಟ್ಟುತ್ತದೆಂಬುದಕ್ಕೆ ಪ್ರಮಾಣವೆಲ್ಲಿ ಎಂಬುದು ಅವರ ಆಕ್ಷೇಪ. ಪ್ರಬಂಧ ಅಚ್ಚಾಗಲಿಲ್ಲ.

ಶಾಖದ ಪ್ರಸರಣವನ್ನೇ ವಿಷಯವನ್ನಾಗಿಟ್ಟು ೧೮೧೧ಕ್ಕೆ ಸಭೆ ಬಹುಮಾನ ಸಾರಿತು. ಫೂರಿಯೆ ಪ್ರಬಂಧವನ್ನು ಬೆಳೆಸಿ ಕಳುಹಿಸಿದನು, ಬಹುಮಾನವೂ ಬಂತು. ಆದರೆ ತೀರ್ಪಿನ ಜೊತೆಗೆ ವಿಧಾನದ ವ್ಯಾಪ್ತಿಯಲ್ಲೂ ನಿಷ್ಕೃಷ್ಟತೆಯಲ್ಲೂ ಕೊರತೆಯಿದೆಯೆಂಬ ಮಾತೂ ಸೇರಿತ್ತು. ಪ್ರಬಂಧ ಈ ಸಲವೂ ಅಚ್ಚಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ಯಾರಿಸ್ಸಿನಿಂದ ದೂರದಲ್ಲಿ ರಸ್ತೆ, ಜೌಗು, ಕಂದಾಯಗಳ ನಡುವೆ ಕುಳಿತವನಿಗೆ ಈ ಮಾತು ಎಷ್ಟು ನೋವು ತಂದಿರಬೇಕೆಂದು ಊಹಿಸಬಹುದು.

ಹಾಗೆಂದು ಪರೀಕ್ಷಕರನ್ನು ಅಸೂಯಾಪರರೆಂದು ತಳ್ಳಿಬಿಡುವುದು ನನಗೆ ಸರಿಯೆನಿಸುವುದಿಲ್ಲ. ಅವರು ಕೇಳಿದ ಪ್ರಶ್ನೆ ಯೋಗ್ಯವಾದದ್ದೇ. ಫೂರಿಯೆಯ ಬಳಿ ಅದಕ್ಕೆ ಪೂರ್ಣವಾದ ಉತ್ತರವಿರಲಿಲ್ಲ. ಇದ್ದದ್ದು ಕಬ್ಬಿಣದ ಬಳೆಯ ಸಾಕ್ಷ್ಯ. ಪ್ರಮಾಣ ಸಿಕ್ಕಿಲ್ಲವೆಂದು ಕೆಲಸ ಮಾಡುವ ಗಣಿತವನ್ನು ಬಿಡಬೇಕೇ, ಅಥವಾ ಕೆಲಸ ಮಾಡುತ್ತದೆಂದು ನಂಬಿ ಮುಂದುವರಿದು ಪ್ರಮಾಣವನ್ನು ಹುಡುಕಬೇಕೇ? ಆತ ಎರಡನೆಯ ದಾರಿಯನ್ನು ಹಿಡಿದನು. ಅದಕ್ಕಾಗಿ ಹದಿನೈದು ವರ್ಷ ಕಾದನು.

ಆ ಹದಿನೈದು ವರ್ಷಗಳಲ್ಲಿ ಆತನ ಲೌಕಿಕ ಸ್ಥಿತಿಯೂ ಕುಸಿಯಿತು. ೧೮೧೫ರಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಗ್ರೆನೋಬ್ಲ್ ಮಾರ್ಗವಾಗಿಯೇ ನಡೆದನು. ದೊರೆಗೆ ನಿಷ್ಠೆ ತೋರಿದ ಫೂರಿಯೆ ಊರು ಬಿಟ್ಟನು. ನೆಪೋಲಿಯನ್ ಸಿಟ್ಟಾದರೂ ಮತ್ತೆ ಕರೆದು ರೋನ್ ಪ್ರಾಂತವನ್ನು ಒಪ್ಪಿಸಿದನು. ಕಠೋರವಾದ ಆಜ್ಞೆಗಳನ್ನು ನಡೆಸಲಾರದೆ ಫೂರಿಯೆ ಅದನ್ನೂ ಬಿಟ್ಟನು. ನೆಪೋಲಿಯನ್ ಸೋತ ಮೇಲೆ ಕೆಲಸವಿಲ್ಲ, ನಿವೃತ್ತಿ ವೇತನವಿಲ್ಲ. ಹಳೆಯ ಶಿಷ್ಯನೊಬ್ಬ ಪ್ಯಾರಿಸ್ಸಿನ ಪ್ರಿಫೆಕ್ಟನಾಗಿದ್ದುದರಿಂದ ಅಂಕಿಅಂಶಗಳ ಕಚೇರಿಯಲ್ಲಿ ಜಾಗ ದೊರೆತು ಊಟಕ್ಕೆ ದಾರಿಯಾಯಿತು. ೧೮೧೬ರಲ್ಲಿ ವಿಜ್ಞಾನ ಅಕಾಡೆಮಿ ಆತನನ್ನು ಸದಸ್ಯನನ್ನಾಗಿ ಚುನಾಯಿಸಿದರೆ ದೊರೆ ಹದಿನೆಂಟನೆಯ ಲೂಯಿ ಒಪ್ಪಿಗೆ ಕೊಡಲಿಲ್ಲ. ೧೮೧೭ರಲ್ಲಿ ಅಕಾಡೆಮಿ ಮತ್ತೆ ಆತನನ್ನೇ ಚುನಾಯಿಸಿತು. ಈ ಸಲ ದೊರೆ ಮಣಿದನು. ೧೮೨೨ರಲ್ಲಿ ಫೂರಿಯೆ ಅದರ ಶಾಶ್ವತ ಕಾರ್ಯದರ್ಶಿಗಳಲ್ಲಿ ಒಬ್ಬನಾದನು. ಅದೇ ವರ್ಷ ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಆತನ ಮಹಾಗ್ರಂಥ ಹೊರಬಂತು. ಹಿಂದೆ ಮೂಲೆಗೆ ಬಿದ್ದಿದ್ದ ಬಹುಮಾನದ ಪ್ರಬಂಧವನ್ನೂ ಅಕಾಡೆಮಿಯ ಸಂಪುಟಗಳಲ್ಲಿ, ಒಂದಕ್ಷರವನ್ನೂ ಬದಲಿಸದೆ, ಅಚ್ಚು ಹಾಕಿಸಿದನು.

ಆತನ ಲೆಕ್ಕದ ಉಪಯೋಗಕ್ಕೆ ನೆಲಮಾಳಿಗೆಯ ಉದಾಹರಣೆ ಚೆನ್ನಾಗಿದೆ. ನೆಲದ ಮೇಲೆ ಎರಡು ಅಲೆಗಳು ಬೀಳುತ್ತಿರುತ್ತವೆ: ಹಗಲಿರುಳಿನದು ಒಂದು, ಬೇಸಗೆ ಚಳಿಗಾಲಗಳದು ಇನ್ನೊಂದು. ನಿಧಾನವಾದ ಅಲೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ವರ್ಷದ ಅಲೆ ದಿನದ ಅಲೆಗಿಂತ ೩೬೫ರ ವರ್ಗಮೂಲದಷ್ಟು, ಎಂದರೆ ಸುಮಾರು ೧೯ ಪಟ್ಟು ಆಳಕ್ಕೆ. ಇಳಿಯುವಾಗ ಅದು ಕುಗ್ಗುವುದಲ್ಲದೆ ತಡವೂ ಆಗುತ್ತದೆ. ಒಂದು ಆಳದಲ್ಲಿ ಸರಿಯಾಗಿ ಆರು ತಿಂಗಳು ಹಿಂದೆ ಬಿದ್ದು, ಮೇಲೆ ಚಳಿಗಾಲವಿದ್ದಾಗ ಕೆಳಗೆ ಬೇಸಗೆಯಿರುತ್ತದೆ. ಆದರೆ ಅಲ್ಲಿ ಏರಿಳಿತ ಮೇಲಿನದರ ೨೩ನೆಯ ಒಂದು ಪಾಲು ಮಾತ್ರ. ನಮ್ಮ ಬಯಲುಸೀಮೆಯ ರೈತರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಾಗ ಹಗಲಿನ ಬಿಸಿಲು ಕಾಳಿಗೆ ತಟ್ಟದಿದ್ದುದರ ಲೆಕ್ಕ ಇದೇ. ೧೮೨೪ರಲ್ಲಿ ಫೂರಿಯೆ ಭೂಮಿಯ ಉಷ್ಣತೆಯ ಬಗ್ಗೆ ಬರೆದು, ಸೂರ್ಯನ ಶಾಖ ಒಳಬರುವಷ್ಟು ಸುಲಭವಾಗಿ ವಾತಾವರಣದಿಂದ ಹೊರಹೋಗದೆಂಬುದನ್ನೂ ಸೂಚಿಸಿದನು. ಇಂದು ಭೂಮಿ ಕಾಯುತ್ತಿರುವುದನ್ನು ಕುರಿತು ಬರೆಯುವವರು ಆತನನ್ನು ನೆನೆಯುವುದು ಇದಕ್ಕಾಗಿ.

೧೮೩೦ರ ಮೇ ೧೬ರಂದು ಫೂರಿಯೆ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಆತ ಮದುವೆಯಾಗಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, ೧೮೨೯ರಲ್ಲಿ, ಆತನನ್ನು ಪ್ಯಾರಿಸ್ಸಿನಲ್ಲಿ ಕಂಡು ಬಲ್ಲ ಜರ್ಮನ್ ತರುಣ ಡಿರಿಕ್ಲೆ, ಯಾವ ನಿಬಂಧನೆಗಳಿಗೆ ಒಳಪಟ್ಟು ಈ ಶ್ರೇಣಿ ತನ್ನ ಮೊತ್ತವನ್ನು ಮುಟ್ಟುತ್ತದೆಂದು ನಿಷ್ಕೃಷ್ಟವಾಗಿ ಸಾಧಿಸಿ ತೋರಿಸಿದನು. ಗುರುಗಳು ಕೇಳಿದ್ದ ಪ್ರಮಾಣ ಇಪ್ಪತ್ತೆರಡು ವರ್ಷಗಳ ಮೇಲೆ ಬಂತು. ಅಷ್ಟರಲ್ಲಿ ಲಗ್ರಾಂಜನೂ ಲಪ್ಲಾಸನೂ ಬದುಕಿರಲಿಲ್ಲ.

ಅನಂತರದ ಕಥೆ ದೊಡ್ಡದು. ಕಡಲಿನ ಉಬ್ಬರವಿಳಿತ ಚಂದ್ರಸೂರ್ಯರ ಚಲನೆಯಿಂದ ಹುಟ್ಟಿದ ಹಲವು ಅಲೆಗಳ ಮೊತ್ತ. ಬ್ರಿಟನ್ನಿನ ಕೆಲ್ವಿನ್ ೧೮೭೨ರ ಸುಮಾರಿಗೆ ಚಕ್ರ, ರಾಟೆ, ದಾರಗಳಿಂದ ಈ ಅಲೆಗಳನ್ನು ಕೂಡಿಸುವ ಯಂತ್ರವನ್ನು ಯೋಜಿಸಿದನು. ೧೮೭೯ರ ಸುಮಾರಿಗೆ ಭಾರತದ ಬಂದರುಗಳಿಗಾಗಿಯೇ ಇಂಥ ಯಂತ್ರವೊಂದು ಇಂಗ್ಲೆಂಡಿನಲ್ಲಿ ಸಿದ್ಧವಾಯಿತು. ಆ ಕಾಲದಲ್ಲಿ ಸರ್ವೇ ಇಲಾಖೆಯವರು ಕಡಲಿನ ಏರಿಳಿತವನ್ನು ಅಳೆದ ಸ್ಥಳಗಳಲ್ಲಿ ನಮ್ಮ ಕಾರವಾರವೂ ಒಂದು. ಹಡಗಿನವನಿಗೆ ಬೇಕಾದ ಮುಂದಿನ ವರ್ಷದ ನೀರಿನ ಎತ್ತರವನ್ನು ಅನಂತ ಶ್ರೇಣಿಯ ಹತ್ತಿಪ್ಪತ್ತು ಪದಗಳು ಹೇಳಿಬಿಡುತ್ತಿದ್ದವು.

ಅಲೆಗಳನ್ನು ಬಿಡಿಸುವ ಲೆಕ್ಕವನ್ನು ಶೀಘ್ರವಾಗಿ ಮಾಡುವ ಕ್ರಮವನ್ನು ೧೯೬೫ರಲ್ಲಿ ಅಮೆರಿಕದ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದರು. ೧೦೨೪ ಅಳತೆಗಳಿಗೆ ಹತ್ತು ಲಕ್ಷಕ್ಕೂ ಮೇಲಾಗುತ್ತಿದ್ದ ಗುಣಾಕಾರಗಳು ಹತ್ತು ಸಾವಿರದ ಮಟ್ಟಕ್ಕೆ ಇಳಿದವು. ಇಂದು ಆಸ್ಪತ್ರೆಯ ಎಂ.ಆರ್.ಐ. ಯಂತ್ರ ಅಳೆಯುವುದು ದೇಹದ ಚಿತ್ರವನ್ನಲ್ಲ, ಆ ಚಿತ್ರದ ಅಲೆಗಳನ್ನು. ಗಣಕಯಂತ್ರ ಅವನ್ನು ಕೂಡಿಸಿದ ಮೇಲೆಯೇ ಚಿತ್ರ ಮೂಡುವುದು. ನಮ್ಮ ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವನ್ನು ಜೆ.ಪಿ.ಇ.ಜಿ. ವಿಧಾನದಲ್ಲಿ ಉಳಿಸುವಾಗ, ಅದನ್ನು ಸಣ್ಣ ಸಣ್ಣ ಚೌಕಗಳನ್ನಾಗಿ ಮಾಡಿ, ಪ್ರತಿಯೊಂದನ್ನೂ ೬೪ ಅಲೆಗಳಾಗಿ ಬಿಡಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಅಲೆಗಳನ್ನು ಕೈಬಿಡಲಾಗುತ್ತದೆ. ಬೇಕಾದಷ್ಟು ಪದಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವ ಆ ಹಳೆಯ ಯುಕ್ತಿಯೇ ಇಲ್ಲಿಯೂ ನಡೆದಿದೆ.

ಓಸೇರ್ ಊರಿನವರು ನಿಲ್ಲಿಸಿದ್ದ ಫೂರಿಯೆಯ ಕಂಚಿನ ವಿಗ್ರಹವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಸಿಬಿಟ್ಟರು. ಶಾಖದ ನಿಯಮಗಳನ್ನು ಬರೆದವನ ಪ್ರತಿಮೆ ಕುಲುಮೆಯಲ್ಲಿ ಕರಗಿತು. ಆತನ ಶ್ರೇಣಿ ಮಾತ್ರ ದಿನಕ್ಕೆ ಲಕ್ಷಾಂತರ ಸಲ ಎಲ್ಲೆಲ್ಲೋ ಕೂಡುತ್ತಲೇ ಇದೆ. ಬಡತನ, ಸೆರೆಮನೆ, ಸರ್ಕಾರಿ ಚಾಕರಿ, ಗುರುಗಳ ಅಸಮ್ಮತಿ, ಇವುಗಳಲ್ಲಿ ಯಾವುದೊಂದು ಸಾಕಾಗಿತ್ತು ಬೇರೊಬ್ಬನು ಲೇಖನಿಯನ್ನು ಕೆಳಗಿಡುವುದಕ್ಕೆ. ಫೂರಿಯೆ ಇಡಲಿಲ್ಲ. ಒಂದರ ಮೇಲೊಂದು ಪದವನ್ನು ಕೂಡಿಸುತ್ತ ಹೋದನು. ಕೊನೆಯನ್ನು ಕಾಣಲಾಗದ ಕೆಲಸವನ್ನೂ ಬಲ್ಲಷ್ಟು ದೂರ ಮಾಡಿಟ್ಟರೆ ಲೋಕಕ್ಕೆ ಸಾಕಾಗುತ್ತದೆಂಬುದು ಆತನ ಗಣಿತಕ್ಕೆ ಸಲ್ಲುವ ಮಾತು. ಆತನ ಬಾಳಿಗೂ ಸಲ್ಲುತ್ತದೆ.